ಕೊನೆಯ ದಿನದ ಲಿಸ್ಟಿನಲ್ಲಿ ಅಂಗುಳ ಬೇಡ

ಹೊರದೇಶಕ್ಕೆ ತಂಡ ಹೋಗಿ ಒಂದು ವಾರ ಸೀಳುತುಟಿ, ಸೀಳು ಅಂಗುಳದ ಸರ್ಜರಿ ಮಾಡಿ ಬರುವ ಮಿಷನ್ನಿನ ಹಣೆಬರಹ ಇರುವುದು ಓಟಿ (ಆಪರೇಷನ್ ಥಿಯೇಟರ್) ಲಿಸ್ಟಿನಲ್ಲಿ. ಯಾವ ಮಗು ಯಾವ ದಿನ, ಯಾವ ಟೇಬಲ್, ಎಷ್ಟನೆಯ ಕೇಸು ಎಂದು ಸ್ಕ್ರೀನಿಂಗ್ ಮುಗಿದ ರಾತ್ರಿ ಬರೆದು ಏಳುವಷ್ಟರಲ್ಲಿ ಆ ವಾರದ ಅರ್ಧ ಅಪಾಯ ನಿರ್ಧಾರವಾಗಿಬಿಟ್ಟಿರುತ್ತದೆ. ಅರಿವಳಿಕೆ ಕಡೆಯವರು ಆ ಮೇಜಿನಲ್ಲಿ ಕೂತು ಹಟ ಹಿಡಿಯಬೇಕಾದ ಮಾತು ಒಂದಿದೆ: ಅಂಗುಳದ ಕೇಸುಗಳೆಲ್ಲ ಮೊದಲೆರಡು ದಿನ, ಹೆಚ್ಚೆಂದರೆ ಮೂರನೆಯ ದಿನ ಬೆಳಿಗ್ಗೆ. ಕೊನೆಯ ದಿನ ಒಂದೂ ಇಲ್ಲ. ಇದು ಗೊತ್ತಿಲ್ಲದ ತಂಡವಿಲ್ಲ. ಆದರೂ ಮುರಿಯುತ್ತಾರೆ. ಮುರಿದಾಗ ಏನಾಗುತ್ತದೆ ಎಂದು ಕಂಡ ಮೇಲೆ ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಲಿಸ್ಟ್ ಶುರುವಾಗುವುದು ತೂಕದ ಯಂತ್ರದಿಂದ. ತುಟಿ ಕೇಸಿಗೆ ಹಳೆಯ ಹತ್ತರ ಲೆಕ್ಕ ಈಗಲೂ ನಡೆಯುತ್ತದೆ: ವಯಸ್ಸು 10 ವಾರ, ತೂಕ 10 ಪೌಂಡ್ ಅಂದರೆ ಸುಮಾರು 4.5 ಕೆ.ಜಿ., ಹಿಮೋಗ್ಲೋಬಿನ್ 10 ಗ್ರಾಂ. ಮಿಷನ್ನಿನಲ್ಲಿ ಇದನ್ನು ಇನ್ನೂ ಬಿಗಿ ಮಾಡಿಕೊಂಡರೆ ಒಳ್ಳೆಯದು. ಸ್ಕ್ರೀನಿಂಗಿಗೆ ಬರುವ ಕೂಸುಗಳಲ್ಲಿ ಎದೆಹಾಲು ಎಳೆಯಲಾಗದೆ ಸೊರಗಿದವು ಬಹಳ. ಅಂಥ ಕೂಸಿಗೆ ಆ ವಾರ ಬೇಕಾದದ್ದು ಹಿಂಡಿ ಕುಡಿಸುವ ಬಾಟಲಿ, ಕುಡಿಸುವ ಕ್ರಮವನ್ನು ತಾಯಿಗೆ ಕಲಿಸುವ ಒಬ್ಬ ನರ್ಸ್, ಮುಂದಿನ ತಾರೀಖು.

ಯಂತ್ರದಲ್ಲಿ ಪೌಂಡ್‌ನಿಂದ ಕೆ.ಜಿ.ಗೆ ಬದಲಾಯಿಸುವ ಗುಂಡಿ ಇದ್ದರೆ ಅದರ ಮೇಲೆ ಟೇಪ್ ಅಂಟಿಸಿ. 8 ಕೆ.ಜಿ. ಮಗುವಿನ ತೂಕ ಪೌಂಡಿನಲ್ಲಿ 17.6. ಗುಂಡಿ ಯಾರದೋ ಕೈ ತಾಗಿ ಬದಲಾಗಿ, 17.6 ಎಂಬುದು ಕೆ.ಜಿ. ಎಂದು ಕೈಪಟ್ಟಿಗೆ ಹೋದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಸೇರಿದ ಲಿಗ್ನೋಕೇನ್, ಅಂದರೆ ಜಾಗ ಮರಗಟ್ಟಿಸುವ ಚುಚ್ಚುಮದ್ದಿನ ಮಿತಿ ಕೆ.ಜಿ.ಗೆ 7 ಮಿ.ಗ್ರಾಂ. 8 ಕೆ.ಜಿ.ಗೆ 56 ಮಿ.ಗ್ರಾಂ, ಅಂದರೆ 1% ದ್ರಾವಣ 5.6 ಮಿ.ಲೀ. ತಪ್ಪು ತೂಕಕ್ಕೆ ಅದೇ ಲೆಕ್ಕ ಹಾಕಿದರೆ 12 ಮಿ.ಲೀ. ದಾಟುತ್ತದೆ. ಇಷ್ಟು ಪ್ರಮಾಣವನ್ನು ಸರ್ಜನ್ ಒಮ್ಮೆಗೇ ಚುಚ್ಚುವುದು ಅಪರೂಪ ನಿಜ. ಆದರೆ ನರ ಮರಗಟ್ಟಿಸುವ ಬ್ಲಾಕಿಗೊಂದಿಷ್ಟು, ಅಂಚಿಗೊಂದಿಷ್ಟು, ಒಸರು ನಿಲ್ಲಲಿಲ್ಲವೆಂದು ಮತ್ತೊಂದಿಷ್ಟು ಎಂದು ಕೂಡಿಕೊಳ್ಳುತ್ತ ಹೋಗುತ್ತದೆ. ತೂಕ, ಲಿಗ್ನೋಕೇನ್ ಮಿತಿ, ಪ್ಯಾರಾಸಿಟಮಾಲ್ ಡೋಸ್, ರಕ್ತದ ಒಟ್ಟು ಪ್ರಮಾಣ ಈ ನಾಲ್ಕನ್ನೂ ಇಂಡಕ್ಷನ್‌ಗೆ (ಮಗುವಿಗೆ ಅರಿವಳಿಕೆ ಶುರುಮಾಡುವುದಕ್ಕೆ) ಮೊದಲೇ ಬೋರ್ಡಿನಲ್ಲಿ ಬರೆದಿಡಬೇಕು.

ಕೆಮ್ಮು ನೆಗಡಿಯ ಮಕ್ಕಳನ್ನು ಏನು ಮಾಡುವುದೆಂಬುದು ಪ್ರತಿ ಮಿಷನ್ನಿನ ಜಗಳ. ನಮ್ಮ ಆಸ್ಪತ್ರೆಗಳಲ್ಲಾದರೆ ನಾಲ್ಕು ವಾರ ಬಿಟ್ಟು ಬನ್ನಿ ಎನ್ನುತ್ತೇವೆ. ಮಿಷನ್ನಿನಲ್ಲಿ ನಾಲ್ಕು ವಾರದ ನಂತರ ನಾವೇ ಇರುವುದಿಲ್ಲ. ಸೀಳು ಅಂಗುಳದ ಮಕ್ಕಳಿಗೆ ಹಾಲು ಮೂಗಿಗೇರಿ ಸದಾ ಮೂಗು ಸೋರುವುದರಿಂದ ಬರೀ ಸಿಂಬಳ ನೋಡಿ ಯಾರನ್ನೂ ವಾಪಸ್ ಕಳಿಸಬಾರದು. ಜ್ವರ, ಕಫದ ಕೆಮ್ಮು, ಎದೆಯಲ್ಲಿ ಸದ್ದು, ಮಂಕು ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ನಿಲ್ಲಿಸಿ. ಸಂಶಯ ಇರುವವರನ್ನು ವಾರದ ಕೊನೆಯ ಕಡೆಗೆ ಹಾಕಿ ದಿನಾ ಎದೆ ಕೇಳಿ. ತುಟಿ ಕೇಸಾದರೆ ಇದು ನಡೆಯುತ್ತದೆ. ಅಂಗುಳದ ಕೇಸಾದರೆ ಈ ಉಪಾಯವೇ ಕೊನೆಯ ದಿನದ ತಲೆನೋವಿನ ಬೀಜ. ಅದಕ್ಕೇ ಅಂಗುಳದ ಮಗುವಿಗೆ ಮೂರನೆಯ ದಿನಕ್ಕೂ ಎದೆ ತಿಳಿಯಾಗದಿದ್ದರೆ ಮುಂದಿನ ಮಿಷನ್ನಿಗೆ ಬರೆಯುವುದು ಸರಿ. ಜೊತೆಗೆ ಕೆಳದವಡೆ ಚಿಕ್ಕದಿದೆಯೇ, ಹೃದಯದಲ್ಲಿ ಮರ್ಮರ್ (ಅಸಹಜ ಸದ್ದು) ಇದೆಯೇ ಎಂದು ನೋಡಿರಲೇಬೇಕು. ಕೆಳದವಡೆ ಚಿಕ್ಕದಾಗಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುವ ಪಿಯೆರ್ ರಾಬಿನ್ ಮಗುವಿನ ಅಂಗುಳ ಮಿಷನ್ನಿನ ಕೆಲಸವಲ್ಲ. ಐಸಿಯು ಇರುವ ಕಡೆಗೆ ಕಳಿಸಿ.

ಅಂಗುಳಕ್ಕೆ ಇಷ್ಟು ಹೆದರಿಕೆ ಏಕೆಂದರೆ ತುಟಿ ಎಲ್ಲರ ಕಣ್ಣೆದುರಿಗಿರುತ್ತದೆ. ಒಸರಿದರೆ ತಾಯಿಗೇ ಕಾಣುತ್ತದೆ, ಬೆರಳಿನಿಂದ ಒತ್ತಿದರೆ ನಿಲ್ಲುತ್ತದೆ. ಅಂಗುಳದಲ್ಲಿ ಅದಕ್ಕೆ ರಕ್ತ ಕೊಡುವ ಗ್ರೇಟರ್ ಪ್ಯಾಲಟೈನ್ ರಕ್ತನಾಳವನ್ನು ಉಳಿಸಿಕೊಂಡು ಫ್ಲಾಪ್ (ಮೂಳೆಯಿಂದ ಬಿಡಿಸಿದ ಅಂಗುಳದ ಪದರ) ಎಬ್ಬಿಸುತ್ತಾರೆ. ಹೊಲಿಗೆಯ ಬಿಗಿ ಸಡಿಲಿಸಲು ಪಕ್ಕದಲ್ಲಿ ಹಾಕುವ ರಿಲ್ಯಾಕ್ಸಿಂಗ್ ಇನ್ಸಿಷನ್ನಿನಲ್ಲಿ ಮೂಳೆ ಬರಿದಾಗಿ ಉಳಿಯುತ್ತದೆ. ಟೇಬಲ್ ಮೇಲೆ ಎಲ್ಲ ಒಣಗಿದಂತೆ ಕಾಣುವುದಕ್ಕೆ ಅರ್ಧ ಕಾರಣ ಚುಚ್ಚಿದ ಅಡ್ರಿನಲಿನ್. ಅದರ ಪ್ರಭಾವ ಇಳಿಯುವ ಹೊತ್ತಿಗೆ ಮಗು ರಿಕವರಿಯಲ್ಲೋ ವಾರ್ಡಿನಲ್ಲೋ ಇರುತ್ತದೆ. ಆಗ ಒಸರಿದ ರಕ್ತ ಹೊರಗೆ ಬರುವುದಿಲ್ಲ, ಮಗು ನುಂಗುತ್ತದೆ.

ಇದರ ಜೊತೆಗೆ ಉಸಿರಿನ ದಾರಿ. ಅಷ್ಟು ದಿನ ತೆರೆದಿದ್ದ ಅಂಗುಳ ಒಮ್ಮೆಗೇ ಮುಚ್ಚಿರುತ್ತದೆ. ಸರ್ಜರಿಯಲ್ಲಿ ಬಾಯಿ ತೆರೆದಿಡುವ ಡಿಂಗ್‌ಮನ್ ಗ್ಯಾಗಿನ ಬ್ಲೇಡ್ ನಾಲಿಗೆಯನ್ನು ಒತ್ತಿ ಹಿಡಿದಿದ್ದರಿಂದ ಗ್ಯಾಗ್ ತೆಗೆದ ಮೇಲೆ ನಾಲಿಗೆ ಊದಿಕೊಳ್ಳಬಹುದು. ಸರ್ಜರಿ ಎಳೆದಷ್ಟೂ ಈ ಊತ ಜಾಸ್ತಿ. ನಡುನಡುವೆ ಗ್ಯಾಗ್ ಸಡಿಲಿಸಿ ಎಂದು ಸರ್ಜನ್‌ಗೆ ಕೇಳುವುದಕ್ಕೆ ಸಂಕೋಚ ಬೇಡ. ಗ್ಯಾಗ್ ಪ್ರತಿ ಸಲ ತೆರೆದಾಗಲೂ ಉಸಿರಿಗೆಂದು ಶ್ವಾಸನಾಳಕ್ಕೆ ಇಳಿಸಿದ ರೇ ಟ್ಯೂಬ್ ಬ್ಲೇಡಿನ ಕೆಳಗೆ ಸಿಕ್ಕಿ ಮಡಚಿದೆಯೇ ಎಂದು ಉಸಿರು ಊದುವ ಬ್ಯಾಗಿನಲ್ಲಿ ಕೈಯಿಟ್ಟು ನೋಡಬೇಕು, ಎರಡೂ ಕಡೆ ಎದೆ ಕೇಳಬೇಕು. ಕತ್ತು ಹಿಂದಕ್ಕೆ ಬಾಗಿದರೆ ಟ್ಯೂಬ್ ಮೇಲೆ ಸರಿಯುತ್ತದೆ, ಮುಂದಕ್ಕೆ ಬಾಗಿದರೆ ಒಳಗೆ ಇಳಿಯುತ್ತದೆ. ಥ್ರೋಟ್ ಪ್ಯಾಕ್ (ರಕ್ತ ಒಳಗಿಳಿಯದಂತೆ ಗಂಟಲಿಗೆ ತುರುಕುವ ಗಾಜ್ ಬಟ್ಟೆ) ಹಾಕಿದ್ದನ್ನು ಬೋರ್ಡಿನಲ್ಲೂ ಹಣೆಯ ಮೇಲಿನ ಟೇಪಿನಲ್ಲೂ ಬರೆಯಬೇಕು. ಅದು ಹೊರಬಂತು ಎಂದು ಕೌಂಟ್ ಮಾಡುವವರು ಬಾಯಿಬಿಟ್ಟು ಹೇಳುವ ತನಕ ಎಕ್ಸ್‌ಟ್ಯೂಬೇಷನ್ (ಟ್ಯೂಬ್ ತೆಗೆಯುವುದು) ಇಲ್ಲ. ನಾಲಿಗೆಗೆ ಒಂದು ಹೊಲಿಗೆ ಹಾಕಿ ದಾರವನ್ನು ಕೆನ್ನೆಗೆ ಅಂಟಿಸಿಟ್ಟರೆ ರಾತ್ರಿ ಉಸಿರು ಕಟ್ಟಿದಾಗ ನರ್ಸ್‌ಗೆ ಎಳೆಯಲು ಏನಾದರೂ ಸಿಗುತ್ತದೆ. ಎಕ್ಸ್‌ಟ್ಯೂಬೇಷನ್ ಮಗು ಪೂರ್ತಿ ಎಚ್ಚರವಾದ ಮೇಲೆ, ಪಕ್ಕಕ್ಕೆ ಮಲಗಿಸಿ.

ಈಗ ಆ ಕೊನೆಯ ದಿನ. ಬೆಳಿಗ್ಗೆ ಒಂದು ಮಗುವಿಗೆ ಜ್ವರ ಬಂದು ಸ್ಲಾಟ್ ಖಾಲಿಯಾಯಿತು. ಸ್ಟ್ಯಾಂಡ್‌ಬೈ ಲಿಸ್ಟಿನಲ್ಲಿ ಮೊದಲಿದ್ದದ್ದು 9 ಕೆ.ಜಿ.ಯ ಅಂಗುಳದ ಮಗು. ತಾಯಿ ವಾರವಿಡೀ ಅಂಗಳದಲ್ಲೇ ಕಾದಿದ್ದಳು. ಇಂಥವರನ್ನು ವಾಪಸ್ ಕಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಮೇಲಿನಿಂದ "ಒಂದು ಕೇಸು ಜಾಸ್ತಿಯಾದರೆ ಒಳ್ಳೆಯದೇ" ಎಂಬ ಮಾತೂ ಬಂತು. ಸರ್ಜರಿ ಚೆನ್ನಾಗಿಯೇ ಆಯಿತು. ಮಧ್ಯಾಹ್ನಕ್ಕೆ ಮಗು ರಿಕವರಿಯಿಂದ ವಾರ್ಡಿಗೆ ಹೋಯಿತು, ಓಟಿಯಲ್ಲಿ ಪ್ಯಾಕಿಂಗ್ ಶುರುವಾಯಿತು.

ವಾರ್ಡಿನ ಚಾರ್ಟಿನಲ್ಲಿ ನಾಡಿ 120, ಆಮೇಲೆ 138, ಆಮೇಲೆ 155. ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 98. ಬಿ.ಪಿ. ಸರಿಯಾಗಿಯೇ ಇತ್ತು. ಮಗು ಅಳದೆ ಮಲಗಿತ್ತು. ನಾಡಿ ಏರಿದ್ದು ನೋವಿಗೆ, ಸುಮ್ಮನಿರುವುದು ಪ್ಯಾರಾಸಿಟಮಾಲ್ ಹಿಡಿದಿದ್ದಕ್ಕೆ ಎಂದು ತಂಡ ಅರ್ಥ ಮಾಡಿಕೊಂಡಿತು. ಎರಡು ಮಾತೂ ಒಂದಕ್ಕೊಂದು ಹೊಂದುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ನೋವಿದ್ದರೆ ಮಗು ಅಳಬೇಕು. ನೋವಿಲ್ಲದಿದ್ದರೆ ನಾಡಿ ಇಳಿಯಬೇಕು. ಸುಮ್ಮನೆ ಮಲಗಿ, ನಾಡಿ ಏರುತ್ತ, ಗಂಟಲು ಮತ್ತೆ ಮತ್ತೆ ಅಲುಗುತ್ತಿದ್ದರೆ ಅದು ರಕ್ತ ನುಂಗುತ್ತಿರುವ ಮಗು. ಬಿ.ಪಿ. ಬೀಳುವುದು ಎಲ್ಲಕ್ಕಿಂತ ಕೊನೆಗೆ. ಟಾರ್ಚ್ ಹಿಡಿದು ಬಾಯಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಗೊತ್ತಾದದ್ದು ಮಗು ಕಪ್ಪು ರಕ್ತ ವಾಂತಿ ಮಾಡಿದಾಗ.

9 ಕೆ.ಜಿ. ಮಗುವಿನ ಮೈಯಲ್ಲಿ ರಕ್ತ ಕೆ.ಜಿ.ಗೆ 80 ಮಿ.ಲೀ.ನಂತೆ ಸುಮಾರು 720 ಮಿ.ಲೀ. ಹಾಸಿಗೆಯ ಮೇಲೆ ಬಿದ್ದದ್ದು ಒಂದು ಲೋಟಕ್ಕಿಂತ ಕಡಿಮೆ ಕಂಡರೂ ಅದೇ ಐದರಲ್ಲೊಂದು ಪಾಲಿನ ಹತ್ತಿರ, ಹೊಟ್ಟೆಯಲ್ಲಿ ಉಳಿದದ್ದು ಬೇರೆ. ಒಬ್ಬರು ಗಾಜ್ ಹಿಡಿದು ಬೆರಳಿನಿಂದ ಅಂಗುಳ ಒತ್ತಿ ಹಿಡಿದೇ ಮಗುವನ್ನು ಓಟಿಗೆ ತಂದರು. ಅಲ್ಲಿ ಟೇಬಲ್ ಬಿಟ್ಟರೆ ಏನೂ ಜಾಗದಲ್ಲಿಲ್ಲ. ರಕ್ತ ಹೀರುವ ಸಕ್ಷನ್ ಮಶೀನು ಪೆಟ್ಟಿಗೆಯಲ್ಲಿ. ಡಿಂಗ್‌ಮನ್ ಗ್ಯಾಗ್ ಯಾವ ಟ್ರಂಕಿನಲ್ಲಿದೆ ಎಂದು ಹೇಳಬಲ್ಲವರು ಹೋಟೆಲ್ಲಿಗೆ ಹೋಗಿದ್ದರು. ಉಪಕರಣ ಸ್ಟೆರೈಲ್ ಮಾಡುವ ಆಟೋಕ್ಲೇವ್ ತಣ್ಣಗಾಗಿತ್ತು. ಆ ಹೊತ್ತಿಗೆ ಕೈಹಿಡಿದದ್ದು ಅಲ್ಲಿನ ಆಸ್ಪತ್ರೆಯ ರಾತ್ರಿ ಪಾಳಿಯ ಓಟಿ ಸಿಬ್ಬಂದಿ. ತಮ್ಮ ಸಿಸೇರಿಯನ್ ಓಟಿಯಿಂದ ಸಕ್ಷನ್ ತಳ್ಳಿಕೊಂಡು ಬಂದರು, ತಮ್ಮ ಸ್ಟೆರೈಲ್ ಸೆಟ್ ಬಿಚ್ಚಿ ಕೊಟ್ಟರು. ಮಗು ಉಳಿಯಿತು. ಅವರು ಬರದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಈಗಲೂ ಬಿಟ್ಟಿಲ್ಲ.

ಇಂಥ ಮಗುವನ್ನು ಮತ್ತೆ ಇಂಟ್ಯುಬೇಟ್ ಮಾಡುವುದು (ಉಸಿರಿನ ಟ್ಯೂಬ್ ಇಳಿಸುವುದು) ಬೆಳಗಿನ ಇಂಟ್ಯುಬೇಷನ್ನಿನಂತಲ್ಲ. ಹೊಟ್ಟೆ ತುಂಬ ರಕ್ತ, ಬಾಯಿ ತುಂಬ ಹೆಪ್ಪು, ನಾಲಿಗೆ ಊದಿರುತ್ತದೆ. ಎರಡು ಸಕ್ಷನ್ ಬೇಕು, ಒಂದು ಹೆಪ್ಪಿಗೆ ಕಟ್ಟಿಕೊಂಡರೆ ಇನ್ನೊಂದು ಕೈಯಲ್ಲಿರಬೇಕು. ಬೆಳಿಗ್ಗೆ ಹಾಕಿದ್ದಕ್ಕಿಂತ ಅರ್ಧ ಸೈಜ್ ಚಿಕ್ಕ ಟ್ಯೂಬ್, ಅದರೊಳಗೆ ಆಕಾರ ಹಿಡಿಸುವ ಕಂಬಿ, ಸ್ಟೈಲೆಟ್. ಇಂಡಕ್ಷನ್‌ಗೆ ಮೊದಲೇ ಕೆ.ಜಿ.ಗೆ 10ರಿಂದ 20 ಮಿ.ಲೀ. ಫ್ಲುಯಿಡ್ ಓಡಿಸಿ, ಬೆಳಗಿನ ಐವಿ ಲೈನ್ ತೆಗೆದಿದ್ದರೆ ಅದೇ ಮೊದಲ ಹೋರಾಟವಾಗುತ್ತದೆ. ಅದಕ್ಕೇ ಅಂಗುಳದ ಮಗುವಿನ ಲೈನ್ ಮರುದಿನ ಬೆಳಗಿನ ರೌಂಡ್ಸ್ ತನಕ ತೆಗೆಯಬಾರದು. ಇಂಡಕ್ಷನ್‌ಗೆ ಅರಿವಳಿಕೆ ಮದ್ದುಗಳಲ್ಲಿ ಕೆಟಮಿನ್ ವಾಸಿ. ಟ್ಯೂಬ್ ಭದ್ರವಾದ ಮೇಲೆ ಹೊಟ್ಟೆಯ ರಕ್ತವನ್ನು ಬಾಯಿಯ ಮೂಲಕವೇ, ಕಣ್ಣಿಗೆ ಕಾಣುವಂತೆ ನಳಿಕೆ ಇಳಿಸಿ ತೆಗೆಯಬೇಕು. ಹೊಸದಾಗಿ ಹೊಲಿದ ಅಂಗುಳ ಇರುವಾಗ ಮೂಗಿನಿಂದ ಕುರುಡಾಗಿ ಏನನ್ನೂ ಹಾಕುವಂತಿಲ್ಲ.

ಮ್ಯಾನೇಜ್‌ಮೆಂಟಿನವರ ಮೇಲೆ ನನ್ನ ದೂರು ಇಷ್ಟೇ: ಅವರ ವರದಿಯಲ್ಲಿ ಒಂದೇ ಅಂಕಿಗೆ ಜಾಗವಿದೆ, ಎಷ್ಟು ಸರ್ಜರಿ ಎಂಬುದಕ್ಕೆ. ಎಷ್ಟು ಮಕ್ಕಳು ಮತ್ತೆ ಓಟಿಗೆ ಬಂದರು, ಎಷ್ಟು ಅಂಗುಳದಲ್ಲಿ ಫಿಸ್ಟುಲಾ (ಹೊಲಿದ ಕಡೆ ತೂತು) ಆಯಿತು, ಆರು ತಿಂಗಳ ನಂತರ ಎಷ್ಟು ಮಂದಿಯನ್ನು ನೋಡಲಾಯಿತು ಎಂಬುದಕ್ಕೆ ಕಾಲಮ್ಮೇ ಇಲ್ಲ. ಈ ಚರ್ಚೆ ಹೊಸದೂ ಅಲ್ಲ. 1969ರಲ್ಲಿ ಇಂಟರ್‌ಪ್ಲಾಸ್ಟ್, 1982ರಲ್ಲಿ ಆಪರೇಷನ್ ಸ್ಮೈಲ್ ಎಂಬ ಸಂಸ್ಥೆಗಳು ಶುರುವಾದಾಗ ತಂಡ ವಿಮಾನದಲ್ಲಿ ಹೋಗಿ ಸರ್ಜರಿ ಮಾಡಿ ಬರುವುದೇ ಕ್ರಮ. 1999ರಲ್ಲಿ ಬಂದ ಸ್ಮೈಲ್ ಟ್ರೇನ್ ಆಯಾ ದೇಶದ ಸರ್ಜನ್‌ಗಳಿಗೇ ತರಬೇತಿ, ಹಣ ಕೊಡುವ ದಾರಿ ಹಿಡಿಯಿತು. ಅಂಗುಳದ ವಿಷಯದಲ್ಲಿ ಎರಡನೆಯ ದಾರಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸರ್ಜನ್ ಅಲ್ಲಿಯವರೇ ಆದರೆ ಅವರಿಗೆ ಕೊನೆಯ ದಿನ ಎಂಬುದೇ ಇಲ್ಲ. ಐದರಿಂದ ಹತ್ತನೆಯ ದಿನದೊಳಗೆ ಸೋಂಕಿನಿಂದ ಮತ್ತೆ ರಕ್ತ ಬಂದರೂ ನೋಡುವವರಿರುತ್ತಾರೆ. ಮಿಷನ್ ಹೋಗಲೇಬೇಕಾದ ಕಡೆ ಅಲ್ಲಿನ ಸರ್ಜನ್, ಅಲ್ಲಿನ ಅನಸ್ತೇಸಿಯಾದವರು ಪ್ರತಿ ಅಂಗುಳದ ಕೇಸಿನಲ್ಲೂ ಟೇಬಲ್ ಪಕ್ಕದಲ್ಲಿರಲಿ. ನೋಟ್ಸ್ ಅವರು ಓದುವ ಭಾಷೆಯಲ್ಲಿರಲಿ.

ಆಕ್ಸಿಜನ್ ಲೆಕ್ಕದಲ್ಲೂ ಇದೇ ಕುರುಡು. ಎಲ್ಲರೂ ಓಟಿಗೆ ಎಷ್ಟು ಬೇಕೆಂದು ನೋಡುತ್ತಾರೆ. 2 ಲೀಟರ್ ಹರಿವಿನಲ್ಲಿ 7000 ಲೀಟರಿನ ದೊಡ್ಡ ಸಿಲಿಂಡರ್ ಒಂದು ಟೇಬಲ್‌ಗೆ ದಿನಗಟ್ಟಲೆ ಬರುತ್ತದೆ. ರಿಕವರಿಯಲ್ಲಿ ನಾಲ್ಕು ಮಕ್ಕಳಿಗೆ ತಲಾ 5 ಲೀಟರ್ ಕೊಟ್ಟರೆ ಅದೇ ಸಿಲಿಂಡರ್ ಆರು ಗಂಟೆಯೊಳಗೆ ಖಾಲಿ. ಗಾಳಿಯಿಂದ ಆಕ್ಸಿಜನ್ ತೆಗೆಯುವ ಕಾನ್ಸೆಂಟ್ರೇಟರ್ ಇದ್ದರೂ ಕರೆಂಟ್ ಹೋದರೆ ಅದು ಬರೀ ಡಬ್ಬ. ರಾತ್ರಿ ವಾರ್ಡಿಗೆಂದೇ ತುಂಬಿದ ಒಂದು ಸಿಲಿಂಡರ್, ಅದಕ್ಕೆ ಹೊಂದುವ ರೆಗ್ಯುಲೇಟರ್, ತಿರುಗಿಸುವ ಕೀಲಿ ಮೂರನ್ನೂ ಕಟ್ಟಿಟ್ಟಿರಬೇಕು. ಮುಂಚಿತ ಭೇಟಿಗೆ ಹೋದವರು ರೆಗ್ಯುಲೇಟರನ್ನು ಅಲ್ಲಿನ ಸಿಲಿಂಡರಿಗೆ ತಿರುಗಿಸಿ ನೋಡಿಯೇ ಬರಬೇಕು. ಫೋಟೋ ನೋಡಿ ಹೊಂದುತ್ತದೆ ಎನ್ನುವವರ ಮಾತು ನಂಬಬೇಡಿ.

ಹಾಗಾದರೆ ಕೊನೆಯ ದಿನ ಏನು ಮಾಡುವುದು? ಹೇಳಿದ ಮಾತು ಕೇಳಿ ಮಲಗಬಲ್ಲ ದೊಡ್ಡ ಮಕ್ಕಳು, ದೊಡ್ಡವರು, ಇನ್‌ಫ್ರಾಆರ್ಬಿಟಲ್ ಬ್ಲಾಕಿನಲ್ಲಿ (ಕಣ್ಣಿನ ಕೆಳಗಿನ ನರ ಮರಗಟ್ಟಿಸಿ, ಎಚ್ಚರವಿದ್ದಂತೆಯೇ) ತುಟಿ. ಹಳೆಯ ತುಟಿಯ ರಿವಿಷನ್. ಮಧ್ಯಾಹ್ನಕ್ಕೆ ಮುಗಿಯಬೇಕು. ಸ್ಲಾಟ್ ಖಾಲಿಯಾದರೆ ಖಾಲಿಯೇ ಇರಲಿ. ಸ್ಟ್ಯಾಂಡ್‌ಬೈ ಲಿಸ್ಟನ್ನೇ ಎರಡು ಮಾಡಿ, ಅಂಗುಳದ್ದು ಬೇರೆ, ತುಟಿಯದು ಬೇರೆ. ಅಂಗುಳದ ಹಾಳೆಯನ್ನು ಮೂರನೆಯ ದಿನ ಮಧ್ಯಾಹ್ನ ಗೋಡೆಯಿಂದ ತೆಗೆದುಬಿಡಿ. ಎದುರಿಗೆ ಹಾಳೆ ಇದ್ದರೆ ಕೈ ಅದರ ಕಡೆಗೇ ಹೋಗುತ್ತದೆ.

ಕಟ್ಟಬಾರದ ಪೆಟ್ಟಿಗೆ ಒಂದಿದೆ. ಒಂದು ಡಿಂಗ್‌ಮನ್ ಗ್ಯಾಗ್ ಬ್ಲೇಡುಗಳ ಸಮೇತ, ಸ್ಟೆರೈಲ್ ಮಾಡಿದ ಒಂದು ಅಂಗುಳದ ಸೆಟ್, ರಕ್ತನಾಳ ಸುಟ್ಟು ಮುಚ್ಚುವ ಬೈಪೋಲಾರ್, ಎರಡು ಸಕ್ಷನ್ (ಅದರಲ್ಲಿ ಒಂದು ಕಾಲಿನಿಂದ ತುಳಿಯುವಂಥದ್ದು), ಲ್ಯಾರಿಂಗೋಸ್ಕೋಪ್, 3ರಿಂದ 5ರವರೆಗಿನ ಟ್ಯೂಬುಗಳು, ಸ್ಟೈಲೆಟ್, ಕೆಟಮಿನ್, ಅಟ್ರೊಪಿನ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ರಿಬ್ಬನ್ ಗಾಜ್, ಹೆಡ್‌ಲೈಟ್. ಜೊತೆಗೆ ಒಬ್ಬ ಸರ್ಜನ್, ಒಬ್ಬ ಅನಸ್ತೇಸಿಯಾ ಡಾಕ್ಟರ್, ಒಬ್ಬ ಓಟಿ ನರ್ಸ್. ಕೊನೆಯ ಕೇಸು ಮುಗಿದ 24 ಗಂಟೆ ಈ ಮೂವರೂ ಪೆಟ್ಟಿಗೆಯೂ ಆಸ್ಪತ್ರೆಯ ಒಳಗೇ ಇರಬೇಕು. ಅಲ್ಲಿನ ಬ್ಲಡ್ ಬ್ಯಾಂಕ್ ಅಷ್ಟೂ ಹೊತ್ತು ತೆರೆದಿರುತ್ತದೆಯೇ ಎಂದು ಕೇಳಿಟ್ಟಿರಬೇಕು. ಇದಕ್ಕೆ ಮೂರು ಜನರ ಒಂದು ದಿನದ ಖರ್ಚು ಬೀಳುತ್ತದೆ, ಕಾರ್ಗೋ ಒಂದು ದಿನ ತಡವಾಗುತ್ತದೆ. ಟಿಕೆಟ್ ಬುಕ್ ಮಾಡುವ ದಿನವೇ ಇದನ್ನು ಬಜೆಟ್ಟಿನಲ್ಲಿ ಬರೆಸಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.