ಒಂದೇ ನಂಬರು, ಎರಡು ಇಂಜಿನ್

ಬೆಂಗಳೂರಿಗೂ ಸಮುದ್ರಕ್ಕೂ ಏನು ಸಂಬಂಧ, ಅಲ್ವಾ? ಆದರೂ ನನ್ನ ಹೊಟ್ಟೆಪಾಡು ನಡೆಯುವುದು ದೋಣಿ ಇಂಜಿನ್ನಿನಿಂದ. ಮಾರತ್ತಹಳ್ಳಿಯ ಆಫೀಸಿನಲ್ಲಿ ಕೂತು, ಅಮೆರಿಕದ ಗಿರಾಕಿಗಳು ಕಳಿಸುವ ಫೋಟೋ ನೋಡಿ, ಇದು ಯಾವ ಹಳೇ ಬಿಗ್ ಬ್ಲಾಕ್ (ಅಂದರೆ ದೊಡ್ಡ ಗಾತ್ರದ ವಿ-8 ಇಂಜಿನ್), ಇದಕ್ಕೆ ಯಾವ ಸಾಮಾನು ಕೂರುತ್ತದೆ ಎಂದು ಹೇಳಬೇಕು. ಮೊದಲು ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿದ್ದೆ. ಅಲ್ಲಿ ಗಿರಾಕಿ ಹಳೇ ಸಾಮಾನನ್ನೇ ಹಳೇ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ. ಪಕ್ಕಕ್ಕೆ ಹೊಸದಿಟ್ಟು ನೋಡಿದರೆ ಮುಗಿಯಿತು. ಇಲ್ಲಿ ಫೋಟೋವೇ ಗತಿ.

ಸೇರಿದ ಹೊಸದರಲ್ಲಿ ಒಂದು ಷೆವರ್ಲೆ ಇಂಜಿನ್ನಿನ ಫೋಟೋ ಬಂತು. ಬ್ಲಾಕಿನ, ಅಂದರೆ ಇಂಜಿನ್ನಿನ ಮೈಯ ಹಿಂಬದಿ, ಫ್ಲೈವೀಲನ್ನು ಮುಚ್ಚುವ ಬೆಲ್ ಹೌಸಿಂಗ್ ಕೂರುವ ಅಂಚಿನ ಮೇಲೆ 3963512 ಎಂಬ ಕಾಸ್ಟಿಂಗ್ ನಂಬರ್, ಎರಕ ಹೊಯ್ಯುವಾಗಲೇ ಮೂಡುವ ನಂಬರು. ಇಂಜಿನ್ನಿನ ನೆತ್ತಿಯ ವಾಲ್ವ್ ಕವರ್ ಮೇಲೆ 427 ಎಂಬ ಸ್ಟಿಕ್ಕರ್, ಅಂದರೆ 427 ಘನ ಇಂಚಿನ ಇಂಜಿನ್. ಕಾಸ್ಟಿಂಗ್ ನಂಬರುಗಳ ಪಟ್ಟಿಯಲ್ಲೂ ಆ ನಂಬರಿನ ಮುಂದೆ 427 ಅಂತ ಕಂಡಿತು. ತಾಳೆ ಆಯಿತಲ್ಲ ಎಂದು ಆರ್ಡರಿನಲ್ಲಿ 427ರ ಫ್ಲೈವೀಲ್ (ಇಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ) ಬರೆದುಬಿಟ್ಟೆ. ಅದೇ ಸಾಲಿನಲ್ಲಿ ಪಕ್ಕಕ್ಕೇ 454 ಅಂತಲೂ ಇತ್ತು. ನಾನು ಅಲ್ಲಿವರೆಗೆ ಓದಿರಲಿಲ್ಲ.

ಮೂರು ವಾರಕ್ಕೆ ದೂರು ಬಂತು. ಇಂಜಿನ್ ಗಡಗಡ ನಡುಗುತ್ತಿದೆಯಂತೆ.

ಆಮೇಲೆ ಕೂತು ಕಲಿತೆ. 427, 454 ಹೊರಗಿನಿಂದ ಅವಳಿ ಮಕ್ಕಳು. ಎರಡಕ್ಕೂ ಬೋರ್, ಅಂದರೆ ಸಿಲಿಂಡರಿನ ಅಗಲ, 4.25 ಇಂಚು. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಮಾತ್ರ ಬೇರೆ: 427ಕ್ಕೆ 3.76 ಇಂಚು, 1970ರಲ್ಲಿ ಬಂದ 454ಕ್ಕೆ 4 ಇಂಚು. 427ರ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ತನ್ನ ತೂಕವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. 454ರ ಕ್ರ್ಯಾಂಕಿಗೆ ಅದು ಸಾಲದು. ಅದರ ಮುಂದಿನ ತುದಿಯ ಚಕ್ರವಾದ ಡ್ಯಾಂಪರ್, ಹಿಂದಿನ ಫ್ಲೈವೀಲ್ ಎರಡರಲ್ಲೂ ಒಂದು ಬದಿಗೆ ಜಾಸ್ತಿ ತೂಕ ಬಿಟ್ಟಿರುತ್ತಾರೆ. ಗಿರಾಕಿಯದು 454, ನಾನು ಕಳಿಸಿದ್ದು ಎಲ್ಲಾ ಕಡೆ ಸಮ ತೂಕದ್ದು. ನಡುಗದೆ ಇನ್ನೇನು ಮಾಡುತ್ತದೆ?

ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಬ್ಲಾಕಿನ ಮುಂದಿನ ಪ್ಯಾಡಿನ ಮೇಲೆ ಗುದ್ದಿದ ಅಕ್ಷರಗಳೂ, ಮೇಲ್ಮೈಯನ್ನು ಮೆಷಿನ್ನಿಗೆ ಕೊಟ್ಟಿದ್ದರೆ ಮಾಯವಾಗಿರುತ್ತವೆ. ಬ್ಲಾಕ್ ಎರಕ ಹೊಯ್ದ ದಿನ ಹೇಳುವ ತಾರೀಖಿನ ಕೋಡ್ ನನಗೆ ಇಷ್ಟ. ಸಿ 14 5 ಎಂದರೆ ಮೂರನೇ ಅಕ್ಷರ ಸಿ, ಹಾಗಾಗಿ ಮಾರ್ಚ್ 14, ವರ್ಷದ ಕೊನೆಯ ಅಂಕಿ 5. 1965ಓ 1975ಓ? ಕಾಸ್ಟಿಂಗ್ ನಂಬರ್ 3963512 ಇದ್ದರೆ 1975, ಏಕೆಂದರೆ 1965ರಲ್ಲಿ ಆ ಬ್ಲಾಕೇ ಇರಲಿಲ್ಲ. ಹೀಗೆ ಒಂದಕ್ಕೊಂದು ಸಾಕ್ಷಿ ಹೇಳಬೇಕು.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ವಿಷಯದಲ್ಲಂತೂ ನಾನು ಜಗಳಕ್ಕೂ ರೆಡಿ. ಕಾರಿನದನ್ನೇ ಹಾಕಿದರೆ ದುಡ್ಡು ಉಳಿಯುತ್ತದೆ ಅನ್ನುವವರಿದ್ದಾರೆ. ದೋಣಿಯದರಲ್ಲಿ ವೆಂಟ್ ಕೊಳವೆಗಳನ್ನು, ಅಂದರೆ ಗಾಳಿಯಾಡುವ ಕೊಳವೆಗಳನ್ನು, ಬಾಗಿಸಿ ಒಳಗೇ ತಿರುಗಿಸಿರುತ್ತಾರೆ. ಉಕ್ಕಿದ ಪೆಟ್ರೋಲ್ ಇಂಜಿನ್ನಿಗೇ ಹೋಗಲಿ, ದೋಣಿಯ ತಳಕ್ಕೆ ಸುರಿಯದಿರಲಿ ಅಂತ. ಪೆಟ್ರೋಲ್ ಆವಿ ತಳದಲ್ಲಿ ನಿಂತರೆ ಒಂದು ಕಿಡಿ ಸಾಕು. ಸ್ಟಾರ್ಟರ್, ಆಲ್ಟರ್ನೇಟರ್ ಕಿಡಿ ಹೊರಬೀಳದ ಹಾಗೆ ಇರಬೇಕಾದ್ದೂ ಅದಕ್ಕೇ.

ಈಗ ಫ್ಲೈವೀಲ್ ಕೇಳಿದವರಿಗೆಲ್ಲ ನನ್ನ ಮೊದಲ ಪ್ರಶ್ನೆ: ಡ್ಯಾಂಪರಿನ ಫೋಟೋ ಇದೆಯಾ? ಅದರ ಒಂದು ಬದಿಗೆ ತೂಕ ಜಾಸ್ತಿ ಇದೆಯಾ ಎಂದು ನೋಡಬೇಕಲ್ಲ. ಮೊನ್ನೆ ಒಬ್ಬರು, ಪುಲ್ಲಿ ಅಡ್ಡ ಇದೆ, ಕಾಣುವುದಿಲ್ಲ ಎಂದು ಬರೆದರು. ಬಿಚ್ಚಿ ಕಳಿಸಿ ಎಂದೆ. ಇನ್ನೂ ಉತ್ತರ ಬಂದಿಲ್ಲ, ಆರ್ಡರನ್ನೂ ನಾನು ಮುಂದಕ್ಕೆ ಕಳಿಸಿಲ್ಲ.