ಗೆಡಿಂಗ್ಟನ್‌ನ ರಾಣಿ ಶಿಲುಬೆ ನೋಡಲು ಹೊರಟವರಿಗೆ

‘ಎಲಿನೋರ್ ಕ್ರಾಸ್’ ಎಂದು ಮ್ಯಾಪಿನಲ್ಲಿ ಹುಡುಕಿ ಹೊರಡುವವರು ಎಡವುವುದು ಹೆಸರಿನಲ್ಲೇ. ಲಂಡನ್ನಿನ ಚೇರಿಂಗ್ ಕ್ರಾಸ್ ರೈಲು ನಿಲ್ದಾಣದ ಮುಂದಿರುವುದು 1860ರ ದಶಕದ್ದು. ಅಲ್ಲಿನ ಮೂಲ ಶಿಲುಬೆಯನ್ನು 1647ರಲ್ಲೇ ಕೆಡವಿದ್ದರು. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ತನ್ನ ರಾಣಿ ಎಲಿನೋರ್ ನೆನಪಿಗೆ ಕಟ್ಟಿಸಿದ ಹನ್ನೆರಡು ಶಿಲುಬೆಗಳಲ್ಲಿ ಈಗ ಉಳಿದಿರುವುದು ಮೂರೇ. ಒಂದಕ್ಕಷ್ಟೇ ಬಿಡುವಿದ್ದರೆ ನಾರ್ಥ್ಯಾಂಪ್ಟನ್‌ಶೈರ್‌ನ ಗೆಡಿಂಗ್ಟನ್ ಹಳ್ಳಿಗೆ ಹೋಗಿ. ಹೆಚ್ಚು ಮುಕ್ಕಾಗದೆ ಉಳಿದಿರುವುದು ಅಲ್ಲಿನದೇ.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಕೆಟರಿಂಗ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಊರು ನಾಲ್ಕು ಮೈಲಿ. ಬಸ್ ನಂಬಿಕೊಂಡರೆ ವಾಪಸು ಬರುವ ವೇಳೆಯನ್ನೂ ಮೊದಲೇ ನೋಡಿಟ್ಟುಕೊಳ್ಳಿ. ಟಿಕೆಟ್ಟಿಲ್ಲ, ಬಾಗಿಲಿಲ್ಲ, ಊರ ನಡುವಿನ ಚೌಕದಲ್ಲಿ ನಿಂತಿದೆ.

ರಾಣಿ ಎಲಿನೋರ್ ತೀರಿಕೊಂಡಿದ್ದು 1290ರ ನವೆಂಬರ್ 28ರಂದು, ಲಿಂಕನ್ ಬಳಿಯ ಹಾರ್ಬಿಯಲ್ಲಿ. ಶವವನ್ನು ವೆಸ್ಟ್‌ಮಿನ್‌ಸ್ಟರ್‌ಗೆ ಒಯ್ಯುವಾಗ ರಾತ್ರಿ ಇಳಿಸಿದಲ್ಲೆಲ್ಲ ಒಂದೊಂದು ಶಿಲುಬೆ ಎದ್ದಿತು. ಗೆಡಿಂಗ್ಟನ್‌ನಲ್ಲಿ ಆಗ ಅರಸರ ಬೇಟೆಮನೆಯಿತ್ತು.

ಶಿಲುಬೆಯಾಕಾರ ಹುಡುಕಬೇಡಿ. ತುದಿಯದು ಬಿದ್ದುಹೋಗಿ ಎಷ್ಟೋ ಕಾಲವಾಗಿದೆ. ಮೆಟ್ಟಿಲುಗಳ ಮೇಲೆ ಸುಮಾರು 40 ಅಡಿ ಎತ್ತರದ, ಮೂರು ಮುಖದ ಸಣಕಲು ಗೋಪುರ, ಅಷ್ಟೆ. ಕೆಳಹಂತದಲ್ಲಿ ಒಂದಂಗುಲವೂ ಬೋಳಿಲ್ಲ: ಜಮಖಾನೆಯಂತೆ ಚೌಕಚೌಕವಾಗಿ ಹೂ ಕೊರೆದಿದ್ದಾರೆ. ಅದರ ಮೇಲೆ ರಾಜಮನೆತನಗಳ ಲಾಂಛನ ಕೆತ್ತಿದ ಗುರಾಣಿಗಳು. ಕೋಟೆ ಮತ್ತು ಸಿಂಹ ಇದ್ದರೆ ರಾಣಿಯ ತವರಾದ ಸ್ಪೇನಿನ ಕಾಸ್ಟೀಲ್, ಲಿಯೋನ್. ಮೂರು ಸಿಂಹ ಸಾಲಾಗಿದ್ದರೆ ಇಂಗ್ಲೆಂಡ್. ಓರೆಪಟ್ಟಿಗಳಿದ್ದರೆ ರಾಣಿಗೆ ತಾಯಿಯ ಕಡೆಯಿಂದ ಬಂದ ಫ್ರಾನ್ಸಿನ ಪೋಂತ್ಯೂ ಸೀಮೆ. ವೀರಗಲ್ಲನ್ನು ಓದುವ ಅಭ್ಯಾಸವಿದ್ದವರು ಕೆಳಗಿನಿಂದ ಮೇಲಕ್ಕೆ ಕಥೆ ಹುಡುಕಿಯಾರು. ಇಲ್ಲಿ ಕಥೆಯಿಲ್ಲ, ವಂಶವಷ್ಟೇ.

ಮೇಲಿನ ಗೂಡುಗಳಲ್ಲಿ ಮೂರು ಪ್ರತಿಮೆ, ಮೂರೂ ಅದೇ ರಾಣಿ. ಬಹಳ ಜನ ಫೋಟೋ ಕೆಡಿಸಿಕೊಳ್ಳುವುದು ಇಲ್ಲಿ. ಗೂಡಿನ ಮುಂಗಂಬ ಪ್ರತಿಮೆಯ ಎದುರಿಗೇ ಬರುವುದರಿಂದ ನೇರ ನಿಂತರೆ ಮುಖ ಮರೆಯಾಗುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಮುಖ ಸಿಗುತ್ತದೆ. ಚಿಕ್ಕ ದುರ್ಬೀನು ತಂದರೆ ಒಳ್ಳೆಯದು. ಮೂರು ಮುಖಕ್ಕೂ ಒಟ್ಟಿಗೆ ಬಿಸಿಲು ಬೀಳದು. ಮೋಡದ ದಿನವಾದರೆ ಮೂರನ್ನೂ ಒಂದೇ ಬೆಳಕಿನಲ್ಲಿ ತೆಗೆಯಬಹುದು, ಓರೆ ಬಿಸಿಲಿದ್ದರೆ ಕೆತ್ತನೆಯ ಆಳ ಎದ್ದು ಕಾಣುತ್ತದೆ. ಸವೆದ ಹೂಗಳನ್ನು ಕೈಯಿಂದ ಸವರಬೇಡಿ, ಸುಣ್ಣಕಲ್ಲು ಉದುರುತ್ತದೆ.

ಕೆಳಗೆ ಐಸ್ (Ise) ಎಂಬ ಹೊಳೆಗೆ ಮಧ್ಯಯುಗದ ಕಿರುಸೇತುವೆ, ಪಕ್ಕದಲ್ಲೇ ನೀರಲ್ಲಿ ಹಾಯುವ ದಾರಿ. ಮಳೆ ಬಂದ ಮೇಲೆ ಬಾಡಿಗೆ ಕಾರನ್ನು ಅದರಲ್ಲಿ ಇಳಿಸುವ ಹುಮ್ಮಸ್ಸು ಬೇಡ.

ಅದೇ ದಿನ ನಾರ್ಥ್ಯಾಂಪ್ಟನ್ ಬಳಿಯ ಹಾರ್ಡಿಂಗ್‌ಸ್ಟೋನ್‌ನ ಎಂಟು ಮೂಲೆಯ ಶಿಲುಬೆಯನ್ನೂ ಸೇರಿಸುವುದಾದರೆ ಕಾರೇ ಸರಿ: ಕೆಟರಿಂಗ್‌ನಿಂದ ನಾರ್ಥ್ಯಾಂಪ್ಟನ್‌ಗೆ ನೇರ ರೈಲಿಲ್ಲ. ಆ ಶಿಲುಬೆ ಬಿಡುವಿಲ್ಲದೆ ವಾಹನ ಓಡುವ ರಸ್ತೆಯ ಅಂಚಿನಲ್ಲಿದೆ, ಎದುರು ಗಾಡಿ ನಿಲ್ಲಿಸಲಾಗದು. ಡೆಲಪ್ರೇ ಅಬ್ಬಿ ಎಂಬ ಹಳೆಯ ಕ್ರೈಸ್ತ ಮಠದ ಕಡೆಯಿಂದ ನಡೆದು ಬನ್ನಿ.