ಬೊಂಬಾಯಿ ಮಾವ ಹೇಳಿದ ಅರ್ಥ

ಬೆಳಿಗ್ಗೆ ಆರೂವರೆಗೆ ಮೊಬೈಲಿಗೆ ಸುದ್ದಿ ಬಂತು. ರೆಡ್ ಅಲರ್ಟ್, ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ರಜೆ. ಉಡುಪಿಯ ಮಕ್ಕಳಿಗೆ ಜುಲೈ ತಿಂಗಳಿನಲ್ಲಿ ಇದಕ್ಕಿಂತ ಸಿಹಿಯಾದ ಸುದ್ದಿ ಬೇರೆ ಇಲ್ಲ. ಮಗಳು ಓದಿದವಳೇ ಮತ್ತೆ ಹೊದಿಕೆ ಎಳೆದುಕೊಂಡು ಮಲಗಿದಳು. ಹತ್ತು ಗಂಟೆಯ ಹೊತ್ತಿಗೆ ಅಂಗಳದ ನೀರು ಮೆಟ್ಟಿಲಿನ ಬುಡಕ್ಕೆ ಬಂದಿತ್ತು. ಅಮ್ಮನನ್ನೂ ಮಗುವನ್ನೂ ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗದೆ ನಾನೂ ಕಚೇರಿಗೆ ರಜೆ ಹೇಳಿದೆ.

‘ಏನಾದರೂ ನೋಡೋಣ ಅಪ್ಪ’ ಎಂದು ಅವಳು ಪೀಡಿಸಿದಾಗ ನಾನು ಹಾಕಿದ್ದು ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ದೂರದರ್ಶನಕ್ಕಾಗಿ ಧಾರಾವಾಹಿ ಮಾಡಿದ್ದು ಎಲ್ಲರಿಗೂ ಗೊತ್ತು. ಅದರ ಚಿತ್ರೀಕರಣ ನಡೆದ ಆಗುಂಬೆ ನಮಗೆ ದೂರವಲ್ಲ. ಹೆಬ್ರಿ, ಸೋಮೇಶ್ವರ ದಾಟಿ 14 ತಿರುವುಗಳ ಘಾಟಿ ಹತ್ತಿದರೆ ಸಿಗುತ್ತದೆ, ಉಡುಪಿಯಿಂದ ಸುಮಾರು 55 ಕಿಲೋಮೀಟರ್. ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ, ದೊಡ್ಡಮನೆಯ ಜಗಲಿಯ ಮುಂದೆ ನಿಂತು ಫೋಟೋ ತೆಗೆದುಕೊಂಡಿದ್ದೇನೆ. ಆದರೆ ಧಾರಾವಾಹಿಯನ್ನು ಮಾತ್ರ ಬಾಲ್ಯದ ನಂತರ ಸರಿಯಾಗಿ ಕೂತು ನೋಡಿರಲಿಲ್ಲ. ನೋಡಬೇಕೆಂದೂ ಅನ್ನಿಸಿರಲಿಲ್ಲ, ಏಕೆಂದರೆ ಅದು ನನಗೆ ಬಾಯಿಪಾಠವಿದೆ ಎಂದು ನಂಬಿದ್ದೆ.

ನಮ್ಮ ಊರು ಸಾಲಿಗ್ರಾಮದ ಹತ್ತಿರ. 1987ರಲ್ಲಿ ನನಗೆ ಒಂಬತ್ತು ವರ್ಷ. ಕೇರಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ, ಬೊಂಬಾಯಿ ಮಾವನ ಮನೆಯಲ್ಲಿ. ಅವರು ನಮಗೆ ನೆಂಟರೇನೂ ಅಲ್ಲ, ಊರಿನ ಮಕ್ಕಳಿಗೆಲ್ಲ ಮಾವ. ಮಾಟುಂಗದ ಹೋಟೆಲೊಂದರಲ್ಲಿ ಲೋಟ ತೊಳೆಯುವ ಮಾಣಿಯಾಗಿ ಸೇರಿ, ಮೇಜಿಗೆ ಬಡಿಸುವವರಾಗಿ, ಕೊನೆಗೆ ಗಲ್ಲಾದಲ್ಲಿ ಕೂತು, ಐವತ್ತರ ಹತ್ತಿರ ಊರಿಗೆ ಮರಳಿದವರು. ಹೆಂಚಿನ ಮೇಲಕ್ಕೆ ಅಡಿಕೆಮರದ ಕಂಬ ಎತ್ತಿ ಅದಕ್ಕೆ ಆಂಟೆನಾ ಕಟ್ಟಿಸಿದ್ದರು. ಗಾಳಿ ಬಂದರೆ ಒಬ್ಬರು ಹೊರಗೆ ನಿಂತು ಕಂಬ ತಿರುಗಿಸಬೇಕು, ಇನ್ನೊಬ್ಬರು ಒಳಗಿನಿಂದ ‘ಬಂತು, ಬಂತು, ಹೋಯಿತು’ ಎಂದು ಕೂಗಬೇಕು.

ಧಾರಾವಾಹಿ ಬರುತ್ತಿದ್ದದ್ದು ಹಿಂದಿಯಲ್ಲಿ. ಜಗಲಿಯಲ್ಲಿ ಕೂತ ಮೂವತ್ತು ಜನರಲ್ಲಿ ಹಿಂದಿ ಬಲ್ಲವರು ಬೊಂಬಾಯಿ ಮಾವ ಒಬ್ಬರೇ. ಹಾಗಾಗಿ ಅವರು ಟಿ.ವಿ.ಯ ಪಕ್ಕ ಬೆತ್ತದ ಕುರ್ಚಿ ಹಾಕಿಸಿಕೊಂಡು, ನಮ್ಮ ಕಡೆಗೆ ಮುಖ ಮಾಡಿ, ಒಂದೊಂದು ಮಾತಿಗೂ ಅರ್ಥ ಹೇಳುತ್ತಿದ್ದರು. ‘ಅರ್ಥ ಹೇಳುವುದು’ ಎಂದರೆ ನಮ್ಮ ಕಡೆಯವರಿಗೆ ಬೇರೆಯೇ ಒಂದು ಚಿತ್ರ ಬರುತ್ತದೆ. ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಮಾತು ಕಟ್ಟುತ್ತಾನೆ. ಪದ್ಯ ನಾಲ್ಕು ಸಾಲು, ಅರ್ಥ ಅರ್ಧ ಗಂಟೆ. ಬೊಂಬಾಯಿ ಮಾವನೂ ಹಾಗೆಯೇ. ಪರದೆಯ ಮೇಲೆ ಆಡಿದ್ದು ಎರಡು ಮಾತಾದರೆ ಅವರು ಹೇಳುತ್ತಿದ್ದದ್ದು ಆರು ಮಾತು. ಅರ್ಥ ಬೇಡದಿದ್ದದ್ದು ಮೊದಲಿನ ಸಂಗೀತಕ್ಕೆ ಮಾತ್ರ. ಎಲ್. ವೈದ್ಯನಾಥನ್ ಅವರ ಆ ‘ತಾನನ’ ಶುರುವಾದಾಗ ಇಡೀ ಜಗಲಿ ಮಾವನನ್ನು ಮರೆತು ತೂಗುತ್ತಿತ್ತು.

ಧಾರಾವಾಹಿಯ ಹುಡುಗ ಸ್ವಾಮಿಯ ಅಪ್ಪನ ಪಾತ್ರ ಗಿರೀಶ ಕಾರ್ನಾಡರದು. ನನಗೆ ಅವರು ಯಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಅಪ್ಪ ಕೆಟ್ಟವನು ಎಂಬುದೊಂದೇ. ಎಷ್ಟು ಕೆಟ್ಟವನೆಂದರೆ, ಪದವಿಗೆ ಬಂದ ಮೇಲೆ ‘ತುಘಲಕ್’ ಓದುವಾಗಲೂ ಬರೆದವರ ಹೆಸರಿನ ಹಿಂದೆ ನನಗೆ ಕಾಣುತ್ತಿದ್ದದ್ದು ಅದೇ ಮುಖ. ಅವರಿಗೆ 1998ರ ಸಾಲಿನ ಜ್ಞಾನಪೀಠ ಬಂದಾಗ ಊರೆಲ್ಲ ಹೆಮ್ಮೆಪಟ್ಟಿತು, ನಾನೂ ಪಟ್ಟೆ, ಆದರೂ ಒಳಗೊಂದು ಮಗು ಬಾಗಿಲ ಹಿಂದೆ ಸರಿದು ನಿಂತಿತ್ತು.

ಮಗಳಿಗೆ ಹಾಕಿದ್ದು ಧೈರ್ಯದ ಕಥೆಯ ಕಂತು. ಹಳ್ಳಿಯ ಹುಡುಗನೊಬ್ಬ ಹುಲಿಯೊಡನೆ ಹೋರಾಡಿದ ಸುದ್ದಿ ಪತ್ರಿಕೆಯಲ್ಲಿ ಬಂದಿರುತ್ತದೆ. ಅಪ್ಪ ಅದನ್ನು ಓದಿ ಹೇಳುತ್ತಾನೆ, ಸ್ವಾಮಿ ನಂಬುವುದಿಲ್ಲ. ಹಾಗಾದರೆ ಇವತ್ತು ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ನೋಡೋಣ ಎಂದು ಅಪ್ಪ ಸವಾಲು ಹಾಕುತ್ತಾನೆ. ದಿನವೂ ಅಜ್ಜಿಯ ಮಗ್ಗುಲಲ್ಲಿ ಮಲಗುವ ಹುಡುಗನಿಗೆ ಜೀವ ಬಾಯಿಗೆ ಬರುತ್ತದೆ.

ಮಗಳು ಹಲಸಿನ ಹಪ್ಪಳ ಮುರಿಯುತ್ತಾ ನೋಡುತ್ತಿದ್ದಳು. ನನಗೆ ಅರಿವಿಲ್ಲದೆಯೇ ನಾನು ಬೊಂಬಾಯಿ ಮಾವನಾದೆ. ‘ಈಗ ನೋಡು, ಒಬ್ಬನೇ ಮಲಗದಿದ್ದರೆ ನಾಳೆಯಿಂದ ನಿನಗೆ ಈ ಮನೆಯಲ್ಲಿ ಅನ್ನ ಇಲ್ಲ, ಜಗಲಿಯಲ್ಲಿ ಬಿದ್ದಿರು ಎನ್ನುತ್ತಾನೆ’ ಎಂದೆ.

ಅವಳು ಹಪ್ಪಳ ಕೆಳಗಿಟ್ಟಳು. ‘ಅಪ್ಪ, ಅವರು ಹಾಗೆ ಹೇಳಲೇ ಇಲ್ಲ.’

‘ಹೇಳುತ್ತಾನೆ. ನೀನು ಸರಿಯಾಗಿ ಕೇಳು.’

ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆವು. ಮಳೆಯ ಸದ್ದಿಗೆ ಧ್ವನಿ ಏರಿಸಿದೆವು. ಅನ್ನದ ಮಾತು ಬರಲಿಲ್ಲ. ಮೂರನೆಯ ಸಲ ನಾನು ಟಿ.ವಿ.ಯ ಹತ್ತಿರವೇ ಹೋಗಿ ನಿಂತೆ. ಕತ್ತಲೆಗೆ ಹೆದರದಿರುವುದು ಬರೀ ಅಭ್ಯಾಸದ ಮಾತು, ಒಳ್ಳೆಯ ಅಭ್ಯಾಸ ಮಾಡಿಕೊಳ್ಳಬೇಕು ಎಂಬ ಧಾಟಿಯ ಬುದ್ಧಿವಾದವಿತ್ತು. ಬಿಗಿಯಿತ್ತು, ಸ್ವಲ್ಪ ಹಂಗಿಸುವುದೂ ಇತ್ತು. ಜಗಲಿ ಇರಲಿಲ್ಲ, ಅನ್ನ ಇರಲಿಲ್ಲ, ಮನೆಯಿಂದ ಹೊರಗೆ ಹಾಕುವ ಮಾತು ಇರಲೇ ಇಲ್ಲ. ನನಗೆ ಹಿಂದಿ ಬರುತ್ತದೆ, ಆರು ವರ್ಷ ಪುಣೆಯಲ್ಲಿದ್ದೆ. ಆದರೂ ಮಗಳು ತಡೆಯದಿದ್ದರೆ ನನ್ನ ಕಿವಿಗೆ ಬೊಂಬಾಯಿ ಮಾವ ಹೇಳಿದ್ದೇ ಕೇಳಿಸುತ್ತಿತ್ತು.

ಇನ್ನೊಂದು ಸಂಗತಿ ಅದಕ್ಕಿಂತ ಹೆಚ್ಚು ನಾಟಿತು. ಸ್ವಾಮಿಯ ತಾಯಿ ಮಾತಾಡುತ್ತಾಳೆ! ವೈಶಾಲಿ ಕಾಸರವಳ್ಳಿಯವರ ಆ ಪಾತ್ರ ನನ್ನ ನೆನಪಿನಲ್ಲಿ ಮೂಕವಾಗಿತ್ತು, ಸೆರಗು ಸರಿಮಾಡಿಕೊಳ್ಳುತ್ತಾ ಓಡಾಡುವ ಒಂದು ನೆರಳು. ಬೊಂಬಾಯಿ ಮಾವ ಹೆಂಗಸರ ಮಾತಿಗೆ ಅರ್ಥ ಹೇಳುತ್ತಲೇ ಇರಲಿಲ್ಲ. ತಾಯಿ ಬಾಯಿ ತೆರೆದಾಗಲೆಲ್ಲ ಅವರು ಎಲೆಅಡಿಕೆಗೆ ಸುಣ್ಣ ಹಚ್ಚುತ್ತಿದ್ದರು. ಮಗನ ಪರವಾಗಿ ನಿಲ್ಲುವವರು ಯಾರೂ ಇಲ್ಲದ ಮನೆ ಎಂದು ನಾನು ಬಗೆದಿದ್ದ ಮನೆಯಲ್ಲಿ ಒಬ್ಬಳು ತಾಯಿ ಇದ್ದಳು, ಅವಳಿಗೆ ಗಂಡನನ್ನು ಅಳೆಯುವ ಕಣ್ಣಿತ್ತು, ಎದುರು ಹೇಳುವ ಮಾತಿತ್ತು. 2010ರಲ್ಲಿ ವೈಶಾಲಿಯವರು ತೀರಿಕೊಂಡಾಗ ಸುದ್ದಿ ಓದಿ ಪುಟ ತಿರುಗಿಸಿದ್ದೆ. ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ನಗಲಿಲ್ಲ. ಮಜ್ಜಿಗೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೂತರು.

‘ಅನ್ನ ಇಲ್ಲ ಅಂದದ್ದು ಅವರ ಅಪ್ಪ’ ಎಂದರು.

ಬೊಂಬಾಯಿ ಮಾವನಿಗೆ ಹನ್ನೆರಡೋ ಹದಿಮೂರೋ ಇದ್ದಾಗ ನಡೆದದ್ದಂತೆ. ಸಂಜೆ ಕರುವನ್ನು ಕಟ್ಟಲು ಮರೆತರು. ಅದು ರಾತ್ರಿಯೆಲ್ಲ ಅಗೆಯಲ್ಲಿ, ಎಂದರೆ ನಾಟಿಗೆ ಬೆಳೆಸಿದ ಭತ್ತದ ಸಸಿಯಲ್ಲಿ, ಮೇಯಿತು. ನಾಟಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಅಗೆ ಹೋದರೆ ಆ ವರ್ಷದ ಅನ್ನವೇ ಹೋದಂತೆ, ಗೇಣಿಯ ಗದ್ದೆ ಬೇರೆ. ಮರುದಿನ ಅಪ್ಪ ಮಗನಿಗೆ ಹೊಡೆಯಲಿಲ್ಲ. ನಿನಗೆ ಈ ಮನೆಯಲ್ಲಿ ಅನ್ನ ಇಲ್ಲ ಎಂದು ಹೇಳಿ ರಾತ್ರಿ ಬಾಗಿಲು ಹಾಕಿಕೊಂಡರು. ಹುಡುಗ ಜಗಲಿಯಲ್ಲಿ ಮಳೆಯ ಎರಚಲಿಗೆ ಒದ್ದೆಯಾಗಿ ಕೂತಿದ್ದ. ಬೆಳಗಾಗುವಾಗ ಜಗಲಿ ಖಾಲಿ. ಘಟ್ಟ ಹತ್ತುವ ಬಸ್ಸಿನಲ್ಲಿ ಯಾರೋ ಊರಿನವರ ಜೊತೆ ಹೋದ ಎಂದು ಮೂರು ತಿಂಗಳ ಮೇಲೆ ಕಾರ್ಡು ಬಂತು. ಅಪ್ಪ ತೀರಿಕೊಂಡಾಗ ಮಗ ಬೊಂಬಾಯಿಯಿಂದ ಹೊರಟನಾದರೂ ಊರು ತಲುಪುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

‘ನಮಗೆಲ್ಲ ಗೊತ್ತಿತ್ತು’ ಎಂದರು ಅಮ್ಮ. ‘ಅವರು ಟಿ.ವಿ. ಮುಂದೆ ಆ ಮಾತು ಹೇಳುವಾಗ ನಿನ್ನ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು, ನೆನಪಿದೆಯಾ?’

ನೆನಪಿದೆ. ನೆನಪಿರುವ ರೀತಿ ಮಾತ್ರ ಬೇರೆ. ಅಪ್ಪನಿಗೆ ಸ್ವಾಮಿಯ ಕಷ್ಟ ನೋಡುವಷ್ಟು ವ್ಯವಧಾನವಿಲ್ಲ ಎಂದುಕೊಂಡಿದ್ದೆ. ಧಾರಾವಾಹಿ ಮುಗಿಸಿ ಗದ್ದೆಯ ಅಂಚಿನ ಮೇಲೆ ಟಾರ್ಚ್ ಬೆಳಕಿನಲ್ಲಿ ಮನೆಗೆ ನಡೆಯುವಾಗ ನಾನು ಅಪ್ಪನ ಕೈ ಹಿಡಿಯುತ್ತಿರಲಿಲ್ಲ, ಅಮ್ಮನ ಹಿಂದೆ ನಡೆಯುತ್ತಿದ್ದೆ. ನನ್ನ ಅಪ್ಪ ನನ್ನನ್ನು ಒಂದು ದಿನವೂ ಊಟ ಬಿಡಿಸಿ ಮಲಗಿಸಿದವರಲ್ಲ. ಸ್ವಾಮಿಯ ಅಪ್ಪನ ಮೇಲಿನ ಹೆದರಿಕೆಯ ಒಂದು ಪಾಲು ಅವರಿಗೂ ಸಂದಿತ್ತು.

ಊಟವಾದ ಮೇಲೆ ಇಬ್ಬರೂ ಮಲಗಿದರು. ನಾನು ಅದೇ ಕಂತನ್ನು ಧ್ವನಿ ಪೂರ್ತಿ ತೆಗೆದು ಮತ್ತೆ ನೋಡಿದೆ. ಭಾಷೆ ಬಾರದ ಆ ಹುಡುಗನಿಗೆ ಕಂಡದ್ದು ಮುಖ ಮಾತ್ರ ತಾನೆ, ಆ ಮುಖದಲ್ಲಿ ಏನಿತ್ತೆಂದು ತಿಳಿಯಬೇಕಿತ್ತು. ಕಾರ್ನಾಡರದು ಬಿಚ್ಚಿಡದ ಅಭಿನಯ. ಸಿಟ್ಟು ಬಂದಿದೆಯೋ, ಮಗನ ಬಗ್ಗೆ ಕಳವಳವೋ, ಒಳಗೇ ನಗುತ್ತಿದ್ದಾರೋ, ಯಾವುದನ್ನೂ ಕಣ್ಣಿಗೆ ಹೊಡೆಯುವಂತೆ ತೋರಿಸುವುದಿಲ್ಲ. ಅಷ್ಟು ಜಾಗ ಬಿಟ್ಟ ಮುಖಕ್ಕೆ ಬೊಂಬಾಯಿ ಮಾವನ ಅರ್ಥವೂ ಹೊಂದುತ್ತದೆ, ನಾರಾಯಣರ ಕಥೆಯೂ ಹೊಂದುತ್ತದೆ. ಒಂದೇ ಪದ್ಯಕ್ಕೆ ಒಬ್ಬ ಅರ್ಥಧಾರಿಯ ಕೌರವ ಹಟಮಾರಿಯಾಗಿಯೂ ಮತ್ತೊಬ್ಬರ ಕೌರವ ನೊಂದ ಅರಸನಾಗಿಯೂ ಎದ್ದು ಬರುವುದನ್ನು ನಾವು ಕೇಳಿಲ್ಲವೆ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ವಾದ ಕೇಳಿದ ಮೇಲೆ ರಾಮನ ಬಾಣದ ಬಗ್ಗೆ ಸಂಶಯ ಬಾರದೆ ಮನೆಗೆ ಹೋದವರು ಕಡಿಮೆ. ಮಾವ ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ಅವರು ಅಷ್ಟೂ ಜನರ ಎದುರು, ಬೆನ್ನಿಗೆ ಟಿ.ವಿ. ಇಟ್ಟುಕೊಂಡು, ತಮ್ಮ ಪ್ರಸಂಗ ಹೇಳಿದರು. ಪರದೆಯನ್ನು ಅವರು ಹೆಚ್ಚು ನೋಡುತ್ತಲೂ ಇರಲಿಲ್ಲ.

ಕಥೆಯ ಆ ರಾತ್ರಿ ಸ್ವಾಮಿ ಕೋಣೆಗೆ ನುಗ್ಗಿದ ಕಳ್ಳನ ಕಾಲು ಕಚ್ಚುವಲ್ಲಿ ನಮ್ಮ ಜಗಲಿ ಚಪ್ಪಾಳೆ ಹೊಡೆದಿತ್ತು. ಮಾವ ಹೊಡೆಯಲಿಲ್ಲ. ‘ಇನ್ನು ಅಪ್ಪ ಒಳಗೆ ಕರೆಯುತ್ತಾನೆ’ ಎಂದು ಮಾತ್ರ ಹೇಳಿದರು. ಅದಕ್ಕೆ ಪರದೆಯ ಮೇಲೆ ಯಾವ ಮಾತೂ ಇರಲಿಲ್ಲ ಎಂದು ಈಗ ತಿಳಿಯಿತು. ಅವರು ತೀರಿಕೊಂಡು ಹದಿನೈದು ವರ್ಷ ದಾಟಿತು.

ಸಂಜೆ ಮಳೆ ಸ್ವಲ್ಪ ಹೊಳವಾಯಿತು. ಅಂಗಳದ ನೀರು ಒಂದು ಮೆಟ್ಟಿಲು ಇಳಿದಿತ್ತು. ಮಗಳು ಮತ್ತೊಮ್ಮೆ ಅದೇ ಕಂತು ಹಾಕಿದಳು, ಈ ಸಲ ಅಜ್ಜಿಗಾಗಿ. ಅಮ್ಮನಿಗೆ ಇವತ್ತಿಗೂ ಹಿಂದಿ ಬಾರದು. ಕಾಲು ಚಾಚಿ ಗೋಡೆಗೆ ಒರಗಿ ಕೂತು ‘ಏನು ಹೇಳಿದರು? ಈಗ ಏನು ಹೇಳಿದರು?’ ಎಂದು ಕೇಳತೊಡಗಿದರು. ಮಗಳು ಟಿ.ವಿ.ಯ ಪಕ್ಕ ಮಣೆ ಹಾಕಿಕೊಂಡು ಅಜ್ಜಿಯ ಕಡೆಗೆ ತಿರುಗಿ ಕೂತಳು. ತಾಯಿಯ ಮಾತನ್ನು ಒಂದನ್ನೂ ಬಿಡದೆ ಹೇಳಿದಳು. ಕೊನೆಗೆ ಸ್ವಾಮಿ ಮತ್ತೆ ಅಜ್ಜಿಯ ಮಗ್ಗುಲು ಸೇರಿದ. ಅಪ್ಪ ಮಾತಿಲ್ಲದೆ ನಿಂತ ಒಂದು ಕ್ಷಣಕ್ಕೂ ಅಮ್ಮ ಕೇಳಿದರು: ‘ಈಗ?’

ಮಗಳು ಪರದೆಯತ್ತ ತಿರುಗಿ ಆ ಮುಖವನ್ನು ಒಂದು ಗಳಿಗೆ ನೋಡಿದಳು.

‘ತಾನೂ ಚಿಕ್ಕವನಿದ್ದಾಗ ಕತ್ತಲೆಗೆ ಹೆದರುತ್ತಿದ್ದೆ ಎನ್ನುತ್ತಿದ್ದಾರೆ ಅಜ್ಜಿ’ ಎಂದಳು.

ನಾನು ಅವಳನ್ನು ತಿದ್ದಲಿಲ್ಲ. ಅಮ್ಮ ‘ಪಾಪ’ ಎಂದು ಕಾಲು ಮಡಚಿ, ದೀಪ ಹಚ್ಚಲು ಎದ್ದರು.